ಬನ್ನಿನ ಕೆಳಗಿನ ಗುರುತು

ಬನ್ನಕ್ಕನ ಬಲಗೈಯ ಎರಡು ಬೆರಳು ಹೋಗಿ ಆರು ವಾರವಾಗಿತ್ತು. ಅವು ಹೇಗೆ ಹೋದವು ಎಂಬ ಕಥೆಯನ್ನು ಅತ್ತೆ ಬೇಕರಿಯ ಗಲ್ಲಾದ ಹಿಂದೆ ಕೂತು ದಿನಕ್ಕೆ ಹತ್ತು ಸಲವಾದರೂ ಹೇಳುತ್ತಿದ್ದಳು.

"ಏನ್ ಮಾಡೋದು ಹೇಳಿ," ಎಂದು ಬ್ರೆಡ್ಡಿನ ಪೊಟ್ಟಣವನ್ನು ಮುಂದಕ್ಕೆ ತಳ್ಳುತ್ತ ಶುರುಮಾಡುವಳು. "ಹಿಟ್ಟು ನಾದೋ ಮಿಷನ್ ಓಡ್ತಾ ಇದೆ. ನಮ್ಮ ಸೊಸೆ ಗಮನ ಎಲ್ಲೋ ಇತ್ತು, ಕೈ ಹಾಕ್ಬಿಟ್ಳು. ಇಪ್ಪತ್ತೆರಡು ವರ್ಷ ಇದೇ ಕೆಲಸ ಮಾಡಿದೋಳಿಗೆ ಇಷ್ಟೂ ಗೊತ್ತಾಗ್ಬೇಡ್ವಾ?"

ಗಿರಾಕಿಗಳು "ಅಯ್ಯೋ ಪಾಪ" ಎನ್ನುವರು. ಆ ಪಾಪ ಬೆರಳು ಕಳಕೊಂಡ ಸೊಸೆಗೋ, ಅಂಥ ಸೊಸೆಯನ್ನು ಕಟ್ಟಿಕೊಂಡ ಅತ್ತೆಗೋ ಎಂದು ಯಾರೂ ಬಿಡಿಸಿ ಹೇಳುತ್ತಿರಲಿಲ್ಲ. ಬನ್ನು ತೆಗೆದುಕೊಂಡು ಹೋಗುವರು.

ಗಲ್ಲಾದ ಹಿಂದೆ ಒಂದು ಪರದೆ. ಪರದೆಯ ಹಿಂದೆ ಸ್ಟೂಲಿನ ಮೇಲೆ ಕೂತ ಬನ್ನಕ್ಕ ಎಡಗೈಯಿಂದ ರಸ್ಕು ಎಣಿಸಿ ಚೀಲಕ್ಕೆ ತುಂಬುತ್ತಿದ್ದಳು. ಹತ್ತು ಸಲವೂ ಅವಳಿಗೆ ಕೇಳಿಸುತ್ತಿತ್ತು. ಬಲಗೈಯನ್ನು ಒಂದು ಟವೆಲಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿರುತ್ತಿದ್ದಳು. ಗಾಯ ಎಂದೋ ಮಾಗಿತ್ತು, ಟವೆಲು ಮಾತ್ರ ಹೋಗಿರಲಿಲ್ಲ. ಇಲ್ಲದ ಕಿರುಬೆರಳು ಆಗಾಗ ತುರಿಸುತ್ತಿತ್ತು. ಇಲ್ಲದ್ದನ್ನು ಕೆರೆದುಕೊಳ್ಳುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ.

ನಡೆದದ್ದು ಅತ್ತೆ ಹೇಳಿದ ಹಾಗಲ್ಲ. ಮಿಷನ್ನಿನ ಬಾಯಿಗೆ ಮುಚ್ಚಲೆಂದು ದುಂಡನೆಯ ಉಕ್ಕಿನ ಸರಳುಗಳ ಒಂದು ಜಾಲರಿ ಬಂದಿತ್ತು. ಅದನ್ನೆತ್ತಿದರೆ ಮಿಷನ್ನು ತಾನಾಗಿ ನಿಲ್ಲುತ್ತಿತ್ತು. ಅಂಚಿಗೆ ಅಂಟಿದ ಹಿಟ್ಟನ್ನು ಕೆರೆಯಬೇಕಾದಾಗಲೆಲ್ಲ ನಿಲ್ಲಿಸು, ಮುಚ್ಚು, ಶುರುಮಾಡು. "ಇದೊಂದು ಪೀಡೆ," ಎಂದು ಅವಳ ಗಂಡ ಎರಡು ವರ್ಷದ ಹಿಂದೆ ಅದನ್ನು ಬಿಚ್ಚಿ ಬಿಸಾಕಿ, ಒಂದು ವೈರಿನ ತುಂಡು ಜೋಡಿಸಿ, ಜಾಲರಿಯಿಲ್ಲದೆಯೂ ಮಿಷನ್ನು ಓಡುವಂತೆ ಮಾಡಿದ. "ಒಳ್ಳೆ ಸ್ಟೀಲು, ಯಾಕೆ ಎಸೀತೀಯ?" ಎಂದು ಅತ್ತೆ ಅದನ್ನು ನಾಲ್ಕು ಇಟ್ಟಿಗೆಗಳ ಮೇಲಿಟ್ಟು ಬಿಸಿ ಬನ್ನುಗಳನ್ನು ಆರಿಸಲು ಬಳಸತೊಡಗಿದಳು. ಅಂದಿನಿಂದ ಆ ಬೇಕರಿಯ ಪ್ರತಿಯೊಂದು ಬನ್ನಿನ ಕೆಳಗೂ ಬಾಗಿದ ಎರಡು ಗೆರೆ, ಅವನ್ನು ದಾಟುವ ಮೂರು ಗೆರೆ ಮೂಡುತ್ತಿದ್ದವು. ಊರಿನವರೆಲ್ಲ ಆ ಗುರುತನ್ನು ಎರಡು ವರ್ಷದಿಂದ ಅಗಿದು ನುಂಗುತ್ತಿದ್ದರು, ಒಬ್ಬರೂ ತಿರುಗಿಸಿ ನೋಡಿರಲಿಲ್ಲ.

ಜಾಲರಿಯಿಲ್ಲದೆ ಓಡುತ್ತಿದ್ದ ಆ ಮಿಷನ್ನಿನ ಅಂಚಿನ ಹಿಟ್ಟು ಕೆರೆಯುವಾಗಲೇ ಬೆರಳು ಹೋದದ್ದು. ಆದರೆ ಬನ್ನಕ್ಕನನ್ನು ಒಳಗೊಳಗೇ ತಿನ್ನುತ್ತಿದ್ದುದು ಇನ್ನೊಂದು. ಆಸ್ಪತ್ರೆಯಲ್ಲಿ ಡಾಕ್ಟರು "ಹೇಗಾಯ್ತಮ್ಮ?" ಎಂದು ಕೇಳಿದಾಗ ಗಂಡ ಮಂಚದ ಪಕ್ಕದಲ್ಲೇ ನಿಂತು ಅವಳ ಮುಖವನ್ನೇ ನೋಡುತ್ತಿದ್ದ. "ನನ್ನದೇ ತಪ್ಪು, ಗಮನ ಇರ್ಲಿಲ್ಲ," ಎಂದು ಹೇಳಿದವಳು ಅವಳೇ. ಅತ್ತೆ ಹೊಸದೇನನ್ನೂ ಕಟ್ಟಿರಲಿಲ್ಲ. ಸೊಸೆಯ ಮಾತನ್ನೇ ಬ್ರೆಡ್ಡಿನ ಜೊತೆ ಹಂಚುತ್ತಿದ್ದಳು.

*

ವಾರಕ್ಕೆರಡು ಮಧ್ಯಾಹ್ನ ಆಸ್ಪತ್ರೆಯಲ್ಲಿ ಕೈಗೆ ವ್ಯಾಯಾಮ. ಅದನ್ನು ಮಾಡಿಸುವ ಹೆಂಗಸನ್ನು ಎಲ್ಲರೂ ಕೈ ಮೇಡಂ ಎನ್ನುತ್ತಿದ್ದರು. ಆಕೆ ಮೊದಲು ರಬ್ಬರಿನ ಚೆಂಡು ಕೊಟ್ಟಳು. ಮೂರನೆಯ ವಾರ ಒಂದು ಮುದ್ದೆ ಜೇಡಿಮಣ್ಣನ್ನು ಮುಂದಿಟ್ಟಳು.

"ಟವೆಲು ತೆಗೀರಿ. ಹಿಸುಕಿ."

ಹಿಸುಕುವುದೇನು ಬಂತು, ಬನ್ನಕ್ಕ ನಾದಿದಳು. ಅಂಗೈಯ ಬುಡದಿಂದ ಒತ್ತಿ, ಮಡಚಿ, ತಿರುಗಿಸಿ, ಮತ್ತೆ ಒತ್ತಿ. ಮೂರು ಬೆರಳಿನ ಕೈಗೆ ಹಳೆಯ ಲಯ ಸಿಕ್ಕಿತು. ಹತ್ತು ನಿಮಿಷವಾದ ಮೇಲೆ ಕೈ ಮೇಡಂ, "ನಾದಿದ್ದು ಸಾಕು, ಏನಾದ್ರೂ ಮಾಡಿ," ಎಂದಳು. ಬನ್ನಕ್ಕ ಇನ್ನೇನು ಮಾಡಿಯಾಳು? ದುಂಡಗೆ ಒಂದು ಬನ್ನು ಮಾಡಿಟ್ಟಳು.

ಪಕ್ಕದ ಕುರ್ಚಿಯಲ್ಲಿ ಭುಜ ಹಿಡಿದುಕೊಂಡಿದ್ದ ಒಬ್ಬ ಮುದುಕಿ ಕೂತಿದ್ದಳು. ಜೀವಮಾನವೆಲ್ಲ ಮಡಕೆ ಮಾಡಿದವಳು. ಮಣ್ಣನ್ನು ತಂದುಕೊಟ್ಟವಳೂ ಅವಳೇ. ಬನ್ನು ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ.

"ಚೆನ್ನಾಗಿದೆ ಕಣಮ್ಮಾ. ಆದ್ರೆ ಇದನ್ನ ಯಾರು ತಿಂತಾರೆ?"

"ಯಾರೂ ತಿನ್ನಲ್ಲ," ಎಂದಳು ಬನ್ನಕ್ಕ. ಹೇಳಿದ ಮೇಲೆ ಆ ಮಾತು ಅವಳ ಕಿವಿಗೇ ಹೊಸದಾಗಿ ಕೇಳಿಸಿತು.

ಅದನ್ನು ಕಾಗದದಲ್ಲಿ ಸುತ್ತಿಕೊಂಡು ಮನೆಗೆ ತಂದು ಅಡುಗೆಮನೆಯ ಕಿಟಕಿಯಲ್ಲಿಟ್ಟಳು. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಅದು ಅಲ್ಲೇ ಇತ್ತು. ಅದರ ಮರುದಿನವೂ ಇತ್ತು. ಇದರಲ್ಲಿ ಅಚ್ಚರಿಪಡುವುದೇನಿದೆ ಎಂದು ಬೇರೆಯವರಿಗೆ ಅನಿಸೀತು. ಇಪ್ಪತ್ತೆರಡು ವರ್ಷದಲ್ಲಿ ಬನ್ನಕ್ಕ ಮಾಡಿದ್ದೆಲ್ಲ ಸಂಜೆಯೊಳಗೆ ಖಾಲಿಯಾಗಿತ್ತು. ಮಿಕ್ಕಿದ್ದನ್ನು ಮನೆಯವರು ರಾತ್ರಿಯೂಟಕ್ಕೆ ತಿಂದಿದ್ದರು. ಲಕ್ಷಗಟ್ಟಲೆ ಮಾಡಿದ್ದಾಳು, ನಾನು ಮಾಡಿದ್ದು ಇದು ಎಂದು ಬೆರಳು ಮಾಡಿ ತೋರಿಸಲು ಒಂದೂ ಉಳಿದಿರಲಿಲ್ಲ. ಈಗ ಒಂದು ಉಳಿದಿತ್ತು. ಅವಳಿಗೆ ಖುಷಿಯಾಯಿತು, ಹಿಂದೆಯೇ ಸಿಟ್ಟೂ ಬಂತು.

*

ಮನೆಯಲ್ಲಿ ಊಟದ ಟೇಬಲ್ಲು ಒಂದೇ. ಗಿರಾಕಿಗಳಿಲ್ಲದ ಮಧ್ಯಾಹ್ನದ ಹೊತ್ತು ಬನ್ನಕ್ಕ ಅದರ ಮೇಲೆ ಹಳೆ ಹಿಟ್ಟಿನ ಚೀಲ ಹಾಸಿ ಮಣ್ಣು ಹರಡಿಕೊಂಡು ಕೂರತೊಡಗಿದಳು. ಮೊದಲು ಹದಿನಾರು ವರ್ಷದ ಮಗಳ ಪಾದ ಮಾಡಿದಳು. ಆಮೇಲೆ ಮೈದುನನ ಕಿವಿ. ಅವನು ಒಲೆ ನೋಡಿಕೊಳ್ಳುವವನು, ಕಿವಿಗಳು ಕೊಂಚ ಹೊರಗೇ ನಿಂತವು.

"ಅತ್ತಿಗೆ, ಇದು ಕಿವಿನೋ ಚಹಾ ಕಪ್ಪಿನ ಹಿಡಿನೋ?" ಎಂದ ಮೈದುನ.

"ನಿಮ್ಮದೇ, ಹಿಡಿದು ನೋಡ್ಕೊಳ್ಳಿ."

ಮಗಳು ಬಿದ್ದು ಬಿದ್ದು ನಕ್ಕಳು. ಅತ್ತೆಗೆ ನಗು ಬರಲಿಲ್ಲ.

"ಅನ್ನ ತಿನ್ನೋ ಜಾಗದಲ್ಲಿ ಮಣ್ಣು! ಡಾಕ್ಟರು ಹಿಸುಕು ಅಂದ್ರೆ ಹಿಸುಕಿ ಎದ್ದು ಬರ್ಬೇಕಪ್ಪ. ಚಿಕ್ಕ ಮಕ್ಕಳ ಹಾಗೆ ಆಡ್ತಾ ಕೂತ್ರೆ ಪಾತ್ರೆ ಯಾರು ತೊಳೀತಾರೆ?"

"ನಾನು ತೊಳ್ದಿದ್ದೀನಿ ಅಜ್ಜಿ," ಎಂದಳು ಮಗಳು.

"ನೀನು ತೊಳೆದ ತಟ್ಟೇಲಿ ನಿನ್ನೆ ಊಟ ಇವತ್ತೂ ಕಾಣ್ತಿತ್ತು."

ಗಂಡ ಜಗಳಕ್ಕೆ ಸೇರುತ್ತಿರಲಿಲ್ಲ. ಅವನು ಒಳ್ಳೆಯ ಕೆಲಸಗಾರ. ಬೆಳಗಿನ ಜಾವ ಎದ್ದರೆ ಮಧ್ಯಾಹ್ನದವರೆಗೆ ಬೆನ್ನು ನೆಟ್ಟಗೆ ಮಾಡುವವನಲ್ಲ. ಆಸ್ಪತ್ರೆಗೆ ಅವಳನ್ನು ಎತ್ತಿಕೊಂಡು ಓಡಿದವನೂ ಅವನೇ. ಆದರೆ ಅಂದಿನಿಂದ ಇಂದಿನವರೆಗೆ ಆ ಕೈಯನ್ನು ಒಮ್ಮೆಯೂ ನೇರವಾಗಿ ನೋಡಿರಲಿಲ್ಲ. ತಟ್ಟೆಯಲ್ಲಿದ್ದ ನಿನ್ನೆಯ ಬ್ರೆಡ್ಡನ್ನು ಚಹಾದಲ್ಲಿ ಅದ್ದುತ್ತ ಕೇಳಿದ:

"ಹಿಟ್ಟಿನ ಕೋಣೆಗೆ ಯಾವಾಗ ಬರ್ತೀಯ? ಮುಂದಿನ ತಿಂಗಳು ಶಾಲೆಗಳು ಶುರುವಾಗ್ತವೆ. ಶಾಲೆ ಊಟದ ಆರ್ಡರ್ ನಮಗೇ ಬರೋ ಹಾಗಿದೆ. ದಿನಕ್ಕೆ ಆರುನೂರು ಬನ್ನು."

"ನೋಡೋಣ," ಎಂದಳು ಬನ್ನಕ್ಕ.

"ನೋಡೋದೇನು? ಕೈ ಮೇಡಂ ಮೂರು ಬೆರಳು ಸಾಕು ಅಂದ್ಳಂತಲ್ಲ."

ಅವಳು ತಟ್ಟೆಗಳನ್ನು ಒಟ್ಟುಮಾಡಿದಳು. ಅಂದು ಎಲ್ಲರೂ ಎದ್ದುಹೋದ ಮೇಲೆ ಟವೆಲು ಬಿಚ್ಚಿ, ಬಲಗೈಯನ್ನು ಟೇಬಲ್ಲಿನ ಮೇಲೆ ಅಂಗಾತ ಇಟ್ಟು, ಮೊದಲ ಸಲ ಕಣ್ತುಂಬ ನೋಡಿದಳು. ಹೊಲಿಗೆಯ ಕಲೆ, ಕುಗ್ಗಿದ ಚರ್ಮ, ಎರಡು ಮೊಂಡು ಗೆಣ್ಣು. ಅಳು ಬಂತು, ಅತ್ತಳು. ಮೂಗು ಒರೆಸಿಕೊಂಡು, ಆ ಕೈಯನ್ನೇ ಮಾಡಲು ಮಣ್ಣು ಎಳೆದುಕೊಂಡಳು. ಎಡಗೈ ಮಾಡುತ್ತಿತ್ತು, ಬಲಗೈ ಕೂತು ಮಾಡಿಸಿಕೊಳ್ಳುತ್ತಿತ್ತು. ಐದು ದಿನ ಹಿಡಿಯಿತು. ಇಲ್ಲದ ಬೆರಳುಗಳನ್ನು ಸೇರಿಸಲು ಒಂದು ಗಳಿಗೆ ಮನಸ್ಸಾಯಿತು. ಎರಡು ಸಣ್ಣ ಉರುಳೆ ಹೊಸೆದದ್ದೂ ಆಯಿತು. ಮತ್ತೆ ಅವನ್ನು ಮುದ್ದೆಗೇ ಒತ್ತಿಬಿಟ್ಟಳು. ಹೇಗಿತ್ತೋ ಹಾಗೇ ಮಾಡಿದಳು. ಅಚ್ಚರಿಯೆಂದರೆ, ಆ ಐದು ದಿನ ಕಿರುಬೆರಳು ತುರಿಸಲೇ ಇಲ್ಲ.

*

ಇನ್ನು ಮುಂದಿನದು ಬೇಕರಿಯವರು ಮಾತ್ರ ಮಾಡಬಹುದಾದ ತಪ್ಪು. ಬನ್ನಕ್ಕನಿಗೆ ಗೊತ್ತಿದ್ದದ್ದು ಹಿಟ್ಟು. ಮೃದುವಾದ ಯಾವುದನ್ನೇ ಆಗಲಿ ಒದ್ದೆಬಟ್ಟೆ ಮುಚ್ಚಿ ಬೆಚ್ಚಗಿಡಬೇಕು, ಆಮೇಲೆ ಚೆನ್ನಾಗಿ ಕಾದ ಒಲೆಗೆ ಹಾಕಬೇಕು. ಆ ಪ್ರಕಾರವೇ ಮಣ್ಣಿನ ಕೈಗೆ ರಾತ್ರಿಯೆಲ್ಲ ಒದ್ದೆಬಟ್ಟೆ ಹೊದಿಸಿದಳು. ಬೆಳಿಗ್ಗೆ ಮೈದುನ ಬನ್ನಿನ ತಟ್ಟೆಗಳನ್ನು ಒಲೆಗೆ ತಳ್ಳುವಾಗ, "ಇದಕ್ಕೂ ಒಂಚೂರು ಜಾಗ ಕೊಡಿ," ಎಂದು ಮೂಲೆಯಲ್ಲಿ ಇಡಿಸಿದಳು.

ಕಾಲು ಗಂಟೆಗೆ ಒಲೆಯೊಳಗೆ ಢಮಾರೆಂದಿತು. ಮೈದುನ ಒಂದೇ ನೆಗೆತಕ್ಕೆ ಬಾಗಿಲಾಚೆ ಇದ್ದ. ಅತ್ತೆ ಗಲ್ಲಾದಿಂದ "ಗ್ಯಾಸು! ಗ್ಯಾಸು!" ಎಂದು ಕಿರುಚಿದಳು. ಬಾಗಿಲು ತೆರೆದು ನೋಡಿದರೆ ಕೈ ಇರಲಿಲ್ಲ. ಎಂಟು ತಟ್ಟೆ ಬನ್ನುಗಳ ಮೇಲೆ ಮಣ್ಣಿನ ಚೂರು, ಕೆಲವು ಬನ್ನುಗಳ ಒಳಕ್ಕೇ ಹೊಕ್ಕಿದ್ದವು.

ಗಂಡನ ಮುಖ ಕೆಂಪೇರಿತು. ತಟ್ಟೆಗಳನ್ನು ಒಂದೊಂದಾಗಿ ಎಳೆದು ತೊಟ್ಟಿಗೆ ಸುರಿದ. ಕೊನೆಯ ತಟ್ಟೆ ಸುರಿದು, ಟೇಬಲ್ಲಿನ ಮೇಲಿದ್ದ ಉಳಿದ ಮಣ್ಣನ್ನೂ ಬಾಚಿ ಅದರ ಮೇಲೆಸೆದ.

"ನಿನ್ನ ಗಮನಗೇಡಿತನಕ್ಕೆ ಒಂದು ಮಿತಿ ಇಲ್ವಾ? ಮೊದಲು ಕೈ, ಈಗ ಒಲೆ! ನಾಳೆ ಇನ್ನೇನು ಸುಡ್ತೀಯ?"

ಬನ್ನಕ್ಕ ಗೋಡೆಗೆ ಒರಗಿ ನಿಂತಿದ್ದಳು. ಟವೆಲು ಎಲ್ಲೋ ಬಿದ್ದುಹೋಗಿತ್ತು.

"ಒಲೆಯದ್ದು ನನ್ನ ತಪ್ಪು," ಎಂದಳು. "ಎಂಟು ತಟ್ಟೆ ನಾನೇ ಮತ್ತೆ ಮಾಡ್ಕೊಡ್ತೀನಿ, ಎಡಗೈಲಿ. ಆದ್ರೆ ಕೈಯದ್ದು ನನ್ನ ತಪ್ಪಲ್ಲ."

"ಏನಂದೆ?"

"ಕೈಯದ್ದು ನನ್ನ ತಪ್ಪಲ್ಲ ಅಂದೆ. ಆಸ್ಪತ್ರೇಲಿ ಸುಳ್ಳು ಹೇಳಿದೆ. ನಿಮ್ಮ ಮುಖ ನೋಡಿ ಹೇಳಿದೆ. ಇನ್ನು ಹೇಳಲ್ಲ."

ಗಂಡನ ಕಣ್ಣು ಬೇಡವೆಂದರೂ ಮೂಲೆಗೆ ಹೋಯಿತು. ಅಲ್ಲಿ ನಾಲ್ಕು ಇಟ್ಟಿಗೆಗಳ ಮೇಲೆ ಜಾಲರಿ, ಜಾಲರಿಯ ಮೇಲೆ ಮೊದಲ ಸರದಿಯ ಬನ್ನುಗಳು ಸಾಲಾಗಿ ಆರುತ್ತಿದ್ದವು. ಅವನು ಹಿಟ್ಟಿನ ಚೀಲ ಎತ್ತಿಕೊಂಡು ಒಳಗೆ ಹೋದ. ಬನ್ನಕ್ಕ ತೊಟ್ಟಿಗೆ ಬಗ್ಗಿ ಮಣ್ಣನ್ನು ಆರಿಸಿ ತೆಗೆದುಕೊಂಡಳು.

*

ಮಡಕೆ ಮುದುಕಿ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಒದ್ದೆಬಟ್ಟೆ ಹೊದ್ಸಿದ್ಯಾ! ಅಯ್ಯೋ ನನ್ನ ತಾಯಿ! ಮಣ್ಣು ಉಬ್ಬಲ್ಲ ಕಣೇ, ಸಿಡಿಯುತ್ತೆ. ಒಳಗೆ ನೀರು ಉಳಿದ್ರೆ ಬೆಂಕಿಗೆ ಹಾಕ್ಬಾರ್ದು. ಒಳಗೆ ಟೊಳ್ಳು ಮಾಡು. ನೆರಳಲ್ಲಿ ಮೂರು ವಾರ ಒಣಗ್ಲಿ. ಕೆನ್ನೆಗೆ ಇಟ್ಟು ನೋಡು, ತಣ್ಣಗಿದ್ರೆ ಇನ್ನೂ ನೀರಿದೆ ಅಂತ. ಆಮೇಲೆ ನನ್ನ ಭಟ್ಟಿಗೆ ತಾ."

"ಮೂರು ವಾರಾನಾ?"

"ಸಂಜೆಗೆ ತಿಂದು ಮುಗ್ಸೋದಲ್ವಲ್ಲ. ಕಾಯಿ."

ಎರಡನೆಯ ಕೈ ಮೊದಲನೆಯದಕ್ಕಿಂತ ಚೆನ್ನಾಗಿ ಬಂತು. ಹೊಲಿಗೆಯ ಕಲೆಗಳನ್ನು ಸೂಜಿಯಿಂದ ಗೀರಿದಳು. ಮಣಿಕಟ್ಟಿನಿಂದ ಮೇಲಕ್ಕೆ ನೆಟ್ಟಗೆ ನಿಂತು ಅಂಗೈ ತೋರುವ ಕೈ. ನಿಲ್ಲಲು ಒಂದು ಪೀಠ ಬೇಕಿತ್ತು. ಮಣ್ಣನ್ನು ತಟ್ಟೆಯಷ್ಟಗಲ ತಟ್ಟಿ ಕೈಯಲ್ಲಿ ಹಿಡಿದು ಬನ್ನಕ್ಕ ಒಂದು ಕ್ಷಣ ನಿಂತಳು. ಆಮೇಲೆ ನೇರವಾಗಿ ಬೇಕರಿಯ ಮೂಲೆಗೆ ನಡೆದು, ಜಾಲರಿಯ ಮೇಲಿಟ್ಟು, ಎರಡೂ ಕೈಯಿಂದ ಒತ್ತಿದಳು. ಎತ್ತಿ ನೋಡಿದರೆ ಬಾಗಿದ ಎರಡು ಗೆರೆ, ದಾಟುವ ಮೂರು ಗೆರೆ ಆಳವಾಗಿ ಮೂಡಿದ್ದವು. ಆ ಮುಖವನ್ನೇ ಮೇಲೆ ಮಾಡಿ ಅದರ ನಡುವೆ ಕೈಯನ್ನು ಕೂಡಿಸಿದಳು.

ಬ್ರೆಡ್ಡು ಹೆಚ್ಚುತ್ತಿದ್ದ ಮಗಳು ಎಲ್ಲವನ್ನೂ ನೋಡಿದಳು.

"ಅಮ್ಮಾ, ಅದು ಮಿಷನ್ ಜಾಲರಿ ಅಲ್ವಾ?"

"ಹೌದು."

"ಅಪ್ಪ ಸುಮ್ನಿರ್ತಾನಾ?"

"ಇರಲ್ಲ," ಎಂದಳು ಬನ್ನಕ್ಕ, "ನಾನೂ ಇರಲ್ಲ."

*

ಮೂರು ವಾರ ಕಪಾಟಿನ ಮೇಲೆ ಒಣಗಿ, ಒಂದು ದಿನ ಭಟ್ಟಿಯಲ್ಲಿ ಬೆಂದು, ಕೈ ಕೆಂಪಗೆ ಗಟ್ಟಿಯಾಗಿ ಮನೆಗೆ ಬಂತು. ಬನ್ನಕ್ಕ ಅದನ್ನು ಬಟ್ಟೆಯಿಂದ ಒರೆಸಿ, ಗಲ್ಲಾದ ಪಕ್ಕದ ಗಾಜಿನ ಪೆಟ್ಟಿಗೆಯ ಮೇಲೆ, ಬನ್ನು ಬಿಸ್ಕತ್ತುಗಳ ನೆತ್ತಿಗೆ ಸರಿಯಾಗಿ, ಅಂಗೈ ಗಿರಾಕಿಗಳ ಕಡೆಗಿರುವಂತೆ ಇಟ್ಟಳು.

ಅಂದು ಮಧ್ಯಾಹ್ನದ ಊಟಕ್ಕೆ ಯಾರೂ ಉಪ್ಪು ಕಡಿಮೆಯಾಯಿತೆಂದು ಹೇಳಲಿಲ್ಲ. ಜಗಳವೇ ಸಾಕಷ್ಟಿತ್ತು.

"ಜನ ಬನ್ನು ತಗೊಳ್ಳೋಕೆ ಬರ್ತಾರೆ," ಎಂದ ಗಂಡ. "ಅದನ್ನ ನೋಡಿದ್ರೆ ಇದ್ದ ಹಸಿವೂ ಓಡಿಹೋಗುತ್ತೆ. ಬೇಕಾದ್ರೆ ಮಲಗೋ ಕೋಣೇಲಿ ಇಟ್ಕೋ."

"ಮಲಗೋ ಕೋಣೇಲಿ ನನ್ನ ಕೈ ಇದ್ದೇ ಇರುತ್ತೆ. ನೀವು ನೋಡಲ್ಲ ಅಷ್ಟೆ."

"ನನ್ನ ಮರ್ಯಾದೆ ಬೀದಿಗೆ ತರ್ಬೇಕು ಅಂತಾನಾ ಇದು?"

"ನನ್ನ ಮರ್ಯಾದೆ ಮೂರು ತಿಂಗಳಿಂದ ಬೀದೀಲೇ ಇದೆ. ದಿನಕ್ಕೆ ಹತ್ತು ಸಲ, ಬ್ರೆಡ್ಡಿನ ಜೊತೆ."

ಅತ್ತೆ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಏನ್ ಬೇಕು ನಿನಗೆ? ಬಾಯ್ಬಿಟ್ಟು ಹೇಳು," ಎಂದ ಗಂಡ.

"ಎರಡೇ. ಜಾಲರಿ ಮಿಷನ್‌ಗೆ ವಾಪಸ್ ಹೋಗ್ಬೇಕು. ಗಲ್ಲಾದಲ್ಲಿ ನಿಜ ಹೇಳ್ಬೇಕು. ಅವತ್ತು ನಾನು ಹಿಟ್ಟಿನ ಕೋಣೆಗೆ ಬರ್ತೀನಿ."

"ಜಾಲರಿ ಹಾಕಿದ್ರೆ ಬೆಳಗಿನ ಮಾಲು ಅರ್ಧ ಗಂಟೆ ತಡ ಆಗುತ್ತೆ! ಗೊತ್ತಿಲ್ವಾ ನಿನಗೆ?"

"ಗೊತ್ತು. ಆ ಅರ್ಧ ಗಂಟೆಗೆ ಎರಡು ಬೆರಳು ಕೊಟ್ಟಿದ್ದೀನಿ."

ಮೈದುನ ನೀರು ಕುಡಿಯುತ್ತಿದ್ದವನು ಕೆಮ್ಮಿದ. ಅಲ್ಲಿಗೆ ಊಟ ಮುಗಿಯಿತು.

ಆಮೇಲಿನ ಹತ್ತು ದಿನ ಮಣ್ಣಿನ ಕೈಗೆ ಒಂದು ಕಡೆ ನಿಂತ ನೆನಪಿಲ್ಲ. ಬೆಳಿಗ್ಗೆ ಗಂಡ ಅದನ್ನು ಎತ್ತಿ ಗಲ್ಲಾದ ಕೆಳಗಿಡುವನು. ಎಂಟು ಗಂಟೆಗೆ ಬನ್ನಕ್ಕ ಮೇಲಕ್ಕಿಡುವಳು. ಒಂದು ದಿನ ಅದು ಸಕ್ಕರೆ ಡಬ್ಬದ ಹಿಂದೆ ಸಿಕ್ಕಿತು, ಇನ್ನೊಂದು ದಿನ ಹಳೆ ಪೇಪರಿನ ರಾಶಿಯೊಳಗೆ. ಅವಳು ಜಗಳ ತೆಗೆಯಲಿಲ್ಲ, ಹುಡುಕಿ ತಂದು ಅದೇ ಜಾಗದಲ್ಲಿ ಇಟ್ಟಳು. ಒಡೆಯುವ ಧೈರ್ಯ ಮಾತ್ರ ಅವನಿಗೆ ಬರಲಿಲ್ಲ. ಒಡೆಯಬೇಕಾದರೆ ಅದನ್ನು ಒಮ್ಮೆಯಾದರೂ ನೋಡಬೇಕಲ್ಲ.

ಹನ್ನೊಂದನೆಯ ದಿನ ಅಂಚೆ ಹಂಚುವ ಹೆಂಗಸು ಬಂದಳು. ಅವಳಿಗೆ ಪ್ರತಿ ಮನೆಯ ಕಥೆಯೂ ಬೇಕು. ಬನ್ನು ಹಿಡಿದುಕೊಂಡೇ ಆ ಮಣ್ಣಿನ ಕೈಯನ್ನು ಸುತ್ತಲೂ ನೋಡಿದಳು.

"ಎಷ್ಟು ಚೆನ್ನಾಗಿ ಮಾಡಿದ್ದಾರೆ! ಅಲ್ಲ, ಈ ಕೆಳಗಿನ ಗೆರೆ ಎಲ್ಲೋ ನೋಡಿದ್ದೀನಲ್ಲ." ಕೈಯಲ್ಲಿದ್ದ ಬನ್ನನ್ನು ಮಗುಚಿದಳು. "ನೋಡಿ, ನಿಮ್ಮ ಬನ್ನಿನ ಅಡಿಯಲ್ಲೂ ಇದೇ ಇದೆ! ಏನಮ್ಮಾ ಇದು?"

ಅತ್ತೆಯ ಬಾಯಲ್ಲಿ ದಿನಕ್ಕೆ ಹತ್ತು ಸಲ ಸರಾಗವಾಗಿ ಹರಿಯುತ್ತಿದ್ದ ಕಥೆ ಅಂದು ಹೊರಡಲಿಲ್ಲ. "ಚಿಲ್ಲರೆ ತಗೋ," ಎಂದಳು. ಪರದೆಯ ಹಿಂದೆ ಬನ್ನಕ್ಕನ ಕೈಯಲ್ಲಿ ರಸ್ಕು ಹಾಗೇ ನಿಂತಿತು.

*

ಅಂದು ಮಧ್ಯಾಹ್ನ ಅತ್ತೆ ಊಟದ ಟೇಬಲ್ಲಿಗೆ ಬಂದು ಎದುರಿನ ಕುರ್ಚಿ ಎಳೆದು ಕೂತಳು. ಬನ್ನಕ್ಕ ಮಣ್ಣು ನಾದುತ್ತಿದ್ದಳು. ಅತ್ತೆ ಎಂಥ ಸೆಕೆಯಲ್ಲೂ ಮಣಿಕಟ್ಟಿನವರೆಗೆ ತೋಳಿರುವ ಸ್ವೆಟರು ಬಿಡುತ್ತಿರಲಿಲ್ಲ. ಈಗ ಅದರ ಬಲತೋಳನ್ನು ಮೊಣಕೈವರೆಗೆ ಸರಿಸಿದಳು. ಒಳತೋಳಿನ ಉದ್ದಕ್ಕೂ ಸುಟ್ಟ ಪಟ್ಟೆಗಳು, ಒಂದರ ಪಕ್ಕ ಒಂದು.

"ಆಗ ಸೌದೆ ಒಲೆ. ಬಾಗಿಲು ಕಬ್ಬಿಣದ್ದು, ಅದಕ್ಕೆ ಹಿಡಿ ಇರ್ಲಿಲ್ಲ. ಕಡ್ಡೀಲಿ ಎಳ್ದು ತೋಳಲ್ಲಿ ತಡೀಬೇಕಿತ್ತು. ಒಂದು ಹಿಡಿ ಹಾಕ್ಸಿ ಅಂತ ನಮ್ಮ ಮಾವನ್ನ ಏಳು ವರ್ಷ ಕೇಳ್ದೆ."

"ಏನಂದ್ರು?"

"ಇವಳಿಗೆ ಗಮನ ಇಲ್ಲ ಅಂತ ಗಿರಾಕಿಗಳ ಹತ್ರ ಹೇಳೋರು."

ಬನ್ನಕ್ಕನ ಕೈ ನಿಂತಿತು. ಕನಿಕರ ಹುಟ್ಟಿತು, ಅದಕ್ಕಿಂತ ಹೆಚ್ಚಾಗಿ ರೇಗಿತು.

"ಅಷ್ಟೆಲ್ಲ ಅನುಭವಿಸಿದೋರು ನನ್ನ ಬಗ್ಗೆ ಅದನ್ನೇ ಹೇಳಿದ್ರಲ್ಲ, ಅತ್ತೆ?"

"ಹೇಳ್ದೆ." ಅತ್ತೆ ತೋಳು ಇಳಿಸಲಿಲ್ಲ. "ಮಗ ಅಲ್ವಾ."

"ನಾನು?"

ಅತ್ತೆ ಸುಟ್ಟ ಪಟ್ಟೆಗಳ ಮೇಲೆ ಬೆರಳಾಡಿಸಿದಳು. ಬನ್ನಕ್ಕ ಸಮಾಧಾನ ಮಾಡಲಿಲ್ಲ. ಮುದ್ದೆಯಿಂದ ಒಂದು ಹಿಡಿ ಮಣ್ಣು ಕಿತ್ತು ಅತ್ತೆಯ ಮುಂದೆ ಧೊಪ್ಪನೆ ಹಾಕಿದಳು.

"ಸುಮ್ನೆ ಕೂರ್ಬೇಡಿ. ನಾದಿ."

"ನನಗೇನು ಬರುತ್ತೆ ಇದು!" ಎಂದು ಅತ್ತೆ ಮೂಗು ಮುರಿದಳು. ಆದರೂ ಕೈ ಹಾಕಿದಳು. ಸಂಜೆ ಬೇಕರಿ ತೆರೆಯುವ ಹೊತ್ತಿಗೆ ಅವಳ ಮುಂದೆ ಗೇಣುದ್ದದ, ಎರಡೂ ತುದಿ ಬಾಗಿದ, ನಡುವೆ ಮುಷ್ಟಿ ಹಿಡಿಯಲು ಅಳತೆ ಮಾಡಿದಂತಿದ್ದ ಒಂದು ವಸ್ತು ಇತ್ತು.

ಮಗಳು ಬಂದು ಬಗ್ಗಿ ನೋಡಿದಳು. "ಇದೇನಜ್ಜಿ? ಬಾಳೆಹಣ್ಣಾ?"

"ನಿನ್ನ ತಲೆ. ಒಲೆ ಬಾಗಿಲಿನ ಹಿಡಿ ಕಣೇ," ಎಂದಳು ಅಜ್ಜಿ.

*

ಶಾಲೆಯ ಊಟದ ಉಸ್ತುವಾರಿ ನೋಡುವ ಮೇಡಂ ಗುರುವಾರ ಬೆಳಿಗ್ಗೆ ಹತ್ತಕ್ಕೆ ಬಂದಳು. ಗಂಡ ಶುಭ್ರವಾದ ಏಪ್ರನ್ನು ಕಟ್ಟಿ, ಕೂದಲು ಬಾಚಿ, ಆಕೆಗೆ ಕುರ್ಚಿ ಹಾಕಿ, ಬಿಸಿ ಬನ್ನಿನ ತಟ್ಟೆ ಮುಂದಿಟ್ಟ. ಅವಸರದಲ್ಲಿ ಅಂದು ಕೈಯನ್ನು ಬಚ್ಚಿಡುವುದನ್ನು ಮರೆತಿದ್ದ.

ಮೇಡಂ ಒಂದು ಬನ್ನು ಮುರಿದು ತಿಂದಳು. ಚೆನ್ನಾಗಿದೆ ಎಂಬಂತೆ ತಲೆಯಾಡಿಸಿದಳು. ಕಣ್ಣು ಗಾಜಿನ ಪೆಟ್ಟಿಗೆಯ ಮೇಲಕ್ಕೆ ಹೋಯಿತು.

"ಇದು ಯಾರ ಕೈ?"

"ಅದಾ ಮೇಡಂ," ಗಂಡ ನಗಲು ನೋಡಿದ. "ನಮ್ಮ ಮನೆಯೋಳದ್ದು. ಸುಮ್ನೆ ಒಂದು ಹವ್ಯಾಸ. ಪಾಪ, ಮಿಷನ್ ಹತ್ರ ಸ್ವಲ್ಪ ಗಮನ ಇಲ್ದೆ..."

ಪರದೆ ಸರಿಯಿತು. ಬನ್ನಕ್ಕ ಹೊರಬಂದು ಪೆಟ್ಟಿಗೆಯ ಮುಂದೆ ನಿಂತಳು. ಟವೆಲಿಲ್ಲದ ಬಲಗೈಯನ್ನು ಮಣ್ಣಿನ ಕೈಯ ಪಕ್ಕದಲ್ಲಿ ಊರಿದಳು. ಎರಡೂ ಒಂದೇ ತೆರನಾಗಿದ್ದವು.

"ನನ್ನ ಕೈ. ಕಥೆ ನಾನೇ ಹೇಳ್ತೀನಿ," ಎಂದಳು. "ನನಗೆ ಗಮನ ಇತ್ತು. ಇಪ್ಪತ್ತೆರಡು ವರ್ಷದಿಂದ ಇತ್ತು. ಮಿಷನ್‌ಗೆ ಇರ್ಬೇಕಾಗಿದ್ದ ಜಾಲರಿ ಇರ್ಲಿಲ್ಲ. ಕೆಲಸ ಬೇಗ ಆಗ್ಲಿ ಅಂತ ಬಿಚ್ಚಿದ್ರು. ಅದು ಈಗ್ಲೂ ಇಲ್ಲ. ಇದೇ ಮಿಷನ್‌ನಲ್ಲೇ ನಿಮ್ಮ ಆರುನೂರು ಬನ್ನೂ ಆಗೋದು."

ಗಂಡನ ಮುಖದಲ್ಲಿ ರಕ್ತವಿರಲಿಲ್ಲ. ಚಿಕ್ಕಂದಿನಿಂದ ಸಿಕ್ಕಿಬಿದ್ದಾಗಲೆಲ್ಲ ಮಾಡುತ್ತಿದ್ದ ಹಾಗೆ ತಾಯಿಯ ಕಡೆ ತಿರುಗಿದ. "ಅಮ್ಮಾ, ನೀನಾದ್ರೂ ಹೇಳು."

ಅತ್ತೆ ಗಲ್ಲಾದಿಂದ ನಿಧಾನವಾಗಿ ಎದ್ದಳು. ಮೇಡಂಳ ತಟ್ಟೆಯಿಂದ ಒಂದು ಬನ್ನು ತೆಗೆದು, ತಲೆಕೆಳಗು ಮಾಡಿ, ಮಣ್ಣಿನ ಪೀಠಕ್ಕೆ ತಾಗಿಸಿ ಇಟ್ಟಳು. ಬಾಗಿದ ಎರಡು ಗೆರೆ, ದಾಟುವ ಮೂರು ಗೆರೆ.

"ಬಿಚ್ಚಿದ್ದು ನನ್ನ ಮಗ," ಎಂದಳು. "ಅದರ ಮೇಲೆ ಬನ್ನು ಆರ್ಸಿದ್ದು ನಾನು. ಸುಳ್ಳು ಹೇಳಿ ಮಾರಿದ್ದೂ ನಾನೇ. ನಮ್ಮ ಸೊಸೆ ಹೇಳಿದ್ದು ಅಕ್ಷರ ಅಕ್ಷರ ನಿಜ."

ಮೇಡಂ ಕೈಯಲ್ಲಿದ್ದ ಬನ್ನಿನ ತುಂಡನ್ನು ತಟ್ಟೆಗಿಟ್ಟಳು.

"ಸೋಮವಾರ ಮತ್ತೆ ಬರ್ತೀನಿ," ಎಂದಳು. "ಮೊದಲು ಮಿಷನ್ ನೋಡ್ತೀನಿ. ಆಮೇಲೆ ಆರ್ಡರ್ ಮಾತಾಡೋಣ." ಹೊರಡುವ ಮುಂಚೆ ಬನ್ನಕ್ಕನ ಕಡೆ ತಿರುಗಿ, "ಇದನ್ನ ಮಾಡಿದ್ದೂ ನೀವೇನಾ?" ಎಂದು ಕೇಳಿದಳು.

"ನಾನೇ."

ಆಕೆ ಮೆಟ್ಟಿಲಿಳಿಯುತ್ತಿದ್ದಂತೆ ಒಳಗಿನಿಂದ ಧಡಧಡ ಸದ್ದು ಬಂತು. ಮೈದುನ ಜಾಲರಿಯ ಮೇಲಿದ್ದ ಬನ್ನುಗಳನ್ನೆಲ್ಲ ಟೇಬಲ್ಲಿಗೆ ಉರುಳಿಸಿ, ಜಾಲರಿಯನ್ನು ಏಪ್ರನ್ನಿನಿಂದ ಉಜ್ಜುತ್ತಿದ್ದ. ಸ್ಕ್ರೂಗಳನ್ನು ಹುಡುಕಲು ಮಗಳು ಡ್ರಾಯರನ್ನೇ ನೆಲಕ್ಕೆ ಕವುಚಿದಳು. ಗಂಡ ಬಾಗಿಲಲ್ಲಿ ಮುಖ ಗಂಟಿಕ್ಕಿಕೊಂಡು ನಿಂತು ಬಹಳ ಹೊತ್ತು ನೋಡಿದ. ಕೊನೆಗೆ ತಡೆಯಲಾರದೆ ಮುಂದೆ ಬಂದ.

"ಓರೆ ಹಾಕ್ತಿದ್ದೀಯಲ್ಲೋ, ಕೊಡಿಲ್ಲಿ."

ವೈರಿನ ತುಂಡನ್ನು ಕಿತ್ತು ಜೇಬಿಗಿಟ್ಟುಕೊಂಡ. ನಾಲ್ಕು ಸ್ಕ್ರೂಗಳನ್ನೂ ಬಿಗಿದ. ಜಾಲರಿ ಎತ್ತಿದ, ಮಿಷನ್ನು ನಿಂತಿತು, ಇಳಿಸಿದ, ಓಡಿತು. ಮತ್ತೆ ಎತ್ತಿದ. ಹಾಗೇ ಎತ್ತಿ ಹಿಡಿದುಕೊಂಡೇ ತಲೆ ತಿರುಗಿಸಿ, ಮೂರೂವರೆ ತಿಂಗಳಲ್ಲಿ ಮೊದಲ ಸಲ, ಹೆಂಡತಿಯ ಬಲಗೈಯನ್ನು ನೋಡಿದ. ಬನ್ನಕ್ಕ ಅದನ್ನು ಬಚ್ಚಿಡಲಿಲ್ಲ. ಸಾಕಷ್ಟು ಹೊತ್ತು ನೋಡಲಿ ಎಂದು ಅಲ್ಲೇ ಇಟ್ಟುಕೊಂಡು ನಿಂತಳು.

"ನಾಳೆಯಿಂದ ಬರ್ತೀನಿ," ಎಂದಳು. "ಮಧ್ಯಾಹ್ನ ಟೇಬಲ್ಲು ಮಾತ್ರ ನನ್ನದು."

ಅವನು ಹೂಂ ಎಂದ.

ಮರುದಿನ ಮಾಲು ಅರ್ಧ ಗಂಟೆ ತಡವಾಯಿತು. ಬನ್ನುಗಳು ಮರದ ಹಲಗೆಯ ಮೇಲೆ ಆರಿದವು. ಅಂಚೆಯ ಹೆಂಗಸು ಕಾದು ಕಾದು ಬನ್ನು ತೆಗೆದುಕೊಂಡು, ಈಚೆಗೆ ಬೆಳೆಸಿಕೊಂಡ ಅಭ್ಯಾಸದಂತೆ ಮಗುಚಿ ನೋಡಿದಳು. ಕೆಳಗೆ ನುಣ್ಣಗಿತ್ತು.

"ಇದೇನಮ್ಮಾ, ಇವತ್ತು ಗುರುತೇ ಇಲ್ಲ?"

ಅತ್ತೆ ಸ್ವೆಟರಿನ ತೋಳನ್ನು ಮೊಣಕೈವರೆಗೆ ಸರಿಸಿಕೊಂಡು ಚಿಲ್ಲರೆ ಎಣಿಸುತ್ತಿದ್ದಳು. ಕತ್ತು ಎತ್ತದೆಯೇ ಗಾಜಿನ ಪೆಟ್ಟಿಗೆಯ ಮೇಲಿನ ಕೈಯತ್ತ ಗದ್ದ ತೋರಿಸಿದಳು.

"ಅಲ್ಲಿದೆ ನೋಡು," ಎಂದಳು. "ಅದನ್ನ ಯಾರೂ ತಿನ್ನೋಕಾಗಲ್ಲ."